ಹೆಣ್ಣುನಾಯಿ ಬೆದೆಗೆ ಬಂದರೆ ಮನೆಗೆ ಮೈಲಿಗೆಯೇ?

ಪ್ರಶ್ನೆ: ನಮ್ಮದು ಸಾಗರದ ಕಡೆಯ ಹಳ್ಳಿ. ಮನೆಯಲ್ಲಿ ನಿತ್ಯಪೂಜೆ ಇದೆ. ಒಂಬತ್ತು ತಿಂಗಳ ಹೆಣ್ಣುನಾಯಿ ರಾಣಿ ಮೊದಲ ಸಲ ಬೆದೆಗೆ ಬಂದಿದ್ದಾಳೆ. ಜಗಲಿಯ ಮೇಲೆ ರಕ್ತದ ಹನಿ ಕಂಡು ಅತ್ತೆಯವರು, "ಮೂರು ದಿನ ಹೊರಗಿರಲಿ, ನಾಲ್ಕನೇ ದಿನ ಸ್ನಾನ ಮಾಡಿಸಿ ಒಳಗೆ ಬಿಡಿ" ಅಂದರು. ಕೊಟ್ಟಿಗೆಯ ಹಿಂದೆ ಕಂಬಕ್ಕೆ ಕಟ್ಟಿದ್ದೇವೆ. ನಾಲ್ಕು ದಿನ ಕಳೆದರೂ ರಕ್ತ ನಿಂತಿಲ್ಲ. ರಾತ್ರಿಯಿಡೀ ಊರಿನ ಗಂಡುನಾಯಿಗಳು ಸುತ್ತುತ್ತವೆ, ಇವಳು ಅಳುತ್ತಾಳೆ. ಮುಂದಿನ ವಾರ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದೇವೆ. ಮಾಡಬಹುದೇ? ಮುಂದೆ ಮರಿಯಾಗದಂತೆ ಆಪರೇಷನ್ ಮಾಡಿಸಿದರೆ ಪಾಪವೇ? ಇನ್ನೊಂದು ಮಾತು. ನನ್ನ ಮಗಳು ಕಳೆದ ವರ್ಷ ದೊಡ್ಡವಳಾದಳು. ಅವಳು ಕೇಳಿದಳು: "ನನ್ನನ್ನು ಯಾಕೆ ಹೊರಗೆ ಕೂರಿಸ್ತೀರಿ ಅಂತ ನನಗೆ ಹೇಳಿದ್ರಿ. ರಾಣಿಗೆ ಯಾರು ಹೇಳಿದ್ರು?" ನನಗೆ ಉತ್ತರ ಹೊಳೆಯಲಿಲ್ಲ.
— ಓರ್ವ ಗೃಹಿಣಿ (ಹೆಸರು ಬೇಡ ಎಂದಿದ್ದಾರೆ)

ಉತ್ತರ: ತಾಯಿ, ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಪೂಜೆ ಮುಗಿದು ಪ್ರಸಾದವೂ ಹಂಚಿ ಆಗಿರುತ್ತದೆ. ಆದರೆ ನಾಯಿಗೆ ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆ ಬರುತ್ತದೆ. ಹಾಗಾಗಿ ಉತ್ತರ ತಡವಾದರೂ ವ್ಯರ್ಥವಲ್ಲ. ನಾಯಿ ಸಾಕಿರುವ ಬೇರೆ ಮನೆಗಳಿಂದಲೂ ಇದೇ ಪ್ರಶ್ನೆ ಹಿಂದೆ ಬಂದದ್ದುಂಟು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ನೇರ ಉತ್ತರ. ನಾಯಿಯ ಬೆದೆಯಿಂದ ಮನೆಯವರಿಗೆ ಆಶೌಚವಿಲ್ಲ. ಪೂಜೆ ನಿಲ್ಲಿಸಬೇಕಾಗಿಲ್ಲ. ರಕ್ತದ ಹನಿ ಬಿದ್ದ ಜಾಗವನ್ನು ನೀರಿನಿಂದ ತೊಳೆದು ಒರೆಸಿ. ಮನಸ್ಸಿಗೆ ಬೇಕೆನಿಸಿದರೆ ಗೋಮಯದಿಂದ ಸಾರಿಸಿ, ಇಲ್ಲವೇ ತುಳಸಿ ನೀರು ಪ್ರೋಕ್ಷಣೆ ಮಾಡಿ. ಅಷ್ಟೇ ಸಾಕು.

ಯಾಕೆ ಅಂತ ಕೇಳಬಹುದು. ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಮಡಿಯಲ್ಲಿರುವವರು ನಾಯಿಯನ್ನು ಮುಟ್ಟಬಾರದು, ಮುಟ್ಟಿದರೆ ಸ್ನಾನ ಮಾಡಬೇಕು ಎಂಬ ವಿಧಿ ಧರ್ಮಶಾಸ್ತ್ರಗಳಲ್ಲಿ ಇದೆ. ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಆ ವಿಧಿ ವರ್ಷದ ಎಲ್ಲ ದಿನಕ್ಕೂ ಒಂದೇ. ರಾಣಿ ನಿನ್ನೆಯೂ ದೇವರ ಕೋಣೆಗೆ ಬರುತ್ತಿರಲಿಲ್ಲ, ನಾಳೆಯೂ ಬರುವುದಿಲ್ಲ. ಅತ್ತೆಯವರು ಮಡಿಯುಟ್ಟಾಗ ಅವಳು ಹತ್ತಿರ ಸುಳಿಯದಂತೆ ನೀವು ಮೊದಲಿನಿಂದಲೂ ನೋಡಿಕೊಂಡೇ ಇದ್ದೀರಿ. ಬೆದೆಗೆ ಬಂದದ್ದರಿಂದ ಅದಕ್ಕೆ ಹೊಸದಾಗಿ ಏನೂ ಕೂಡುವುದಿಲ್ಲ.

ಇನ್ನು ರಜಸ್ವಲಾ ನಿಯಮಗಳು. ಅವು ಮನುಷ್ಯರಿಗೆ ಹೇಳಿದವು. ಪೂರ್ವಮೀಮಾಂಸೆಯಲ್ಲಿ 'ಅಧಿಕಾರ' ಎಂಬ ವಿಚಾರ ಬರುತ್ತದೆ. ಯಾರು ವಿಧಿಯನ್ನು ಕೇಳಿ, ಅರ್ಥ ಮಾಡಿಕೊಂಡು, ಇದು ನಾನು ಮಾಡಬೇಕಾದ್ದು ಅಂತ ನಡೆಯಬಲ್ಲರೋ ಅವರಿಗೆ ಮಾತ್ರ ಕರ್ಮದಲ್ಲಿ ಅಧಿಕಾರ. ಪಶುಪಕ್ಷಿಗಳಿಗೆ, ಅಂದರೆ ತಿರ್ಯಕ್ ಜಂತುಗಳಿಗೆ, ಅದು ಇಲ್ಲ. ವಿಧಿಯೇ ಇಲ್ಲದವರಿಗೆ ನಿಷೇಧ ಎಲ್ಲಿಯದು? ನಿಷೇಧವೇ ಇಲ್ಲದ ಮೇಲೆ ಅದನ್ನು ಮೀರಿದ ದೋಷ ಎಲ್ಲಿಯದು? ಮಗಳು ಕೇಳಿದಳಲ್ಲ, "ರಾಣಿಗೆ ಯಾರು ಹೇಳಿದ್ರು" ಅಂತ. ಆ ಹುಡುಗಿ ತನಗೇ ಅರಿವಿಲ್ಲದೆ ಮೀಮಾಂಸಕರ ಪ್ರಶ್ನೆಯನ್ನೇ ಕೇಳಿದ್ದಾಳೆ.

ನಿಮ್ಮ ಕೊಟ್ಟಿಗೆಯನ್ನೇ ನೋಡಿ. ಹಸು ಬೆದೆಗೆ ಬರುತ್ತದೆ. ಬೆದೆ ಇಳಿದ ಮೇಲೆ ಒಂದೆರಡು ದಿನ ಕೆಲವು ಹಸುಗಳಿಗೆ ರಕ್ತ ಕಾಣುವುದೂ ಉಂಟು. ಆಗ ಅದನ್ನು ಯಾರೂ ಹೊರಗೆ ಕಟ್ಟುವುದಿಲ್ಲ. ಅದರ ಸಗಣಿಯಿಂದಲೇ ಅಂಗಳ ಸಾರಿಸುತ್ತೇವೆ. ಕರು ಹಾಕಿದ ಹತ್ತು ದಿನ ಹಾಲನ್ನು ದೇವರಿಗೆ ಒಯ್ಯುವುದಿಲ್ಲವಲ್ಲ ಅಂತ ನೀವು ಕೇಳಬಹುದು. ನಿಜ, ಆದರೆ ಅದು ಹಾಲಿನ ಮಾತು. ಹಸುವನ್ನು ದೂರ ಮಾಡಿ ಅಂತ ಯಾರೂ ಹೇಳಿಲ್ಲ.

ಇನ್ನೊಂದು ವಿಷಯ. ನಾಯಿಗೆ ಬರುವುದು ಹೆಂಗಸರ ಮುಟ್ಟಿನಂಥದ್ದೇ ಅಲ್ಲ. ಹೆಂಗಸರಲ್ಲಿ ಗರ್ಭ ನಿಲ್ಲದಿದ್ದಾಗ ಗರ್ಭಕೋಶದ ಒಳಪದರ ಕಳಚಿ ರಕ್ತ ಹೋಗುತ್ತದೆ. ನಾಯಿಯಲ್ಲಿ ರಕ್ತ ಬರುವುದು ಅಂಡ ಬಿಡುಗಡೆಯಾಗುವುದಕ್ಕೆ ಮೊದಲು, ಗರ್ಭಕ್ಕೆ ಮೈ ಸಜ್ಜಾಗುವಾಗ. ಸಾಮಾನ್ಯವಾಗಿ 7ರಿಂದ 10 ದಿನ ರಕ್ತ ಕಾಣುತ್ತದೆ. ಆಮೇಲೆ ಬಣ್ಣ ತಿಳಿಯಾಗುತ್ತಾ ಬರುತ್ತದೆ. ಗಂಡನ್ನು ಹತ್ತಿರ ಬಿಟ್ಟುಕೊಳ್ಳುವುದು ಹೆಚ್ಚಾಗಿ ಆಗಲೇ. ಎಲ್ಲ ಸೇರಿ ಸುಮಾರು 3 ವಾರ. ಈಗ ನೋಡಿ, ಮೂರು ದಿನದ ಲೆಕ್ಕ ಹಿಡಿದು ನಾಲ್ಕನೇ ದಿನ ಸ್ನಾನ ಮಾಡಿಸಿ ಬಿಟ್ಟರೆ ಏನಾಯಿತು? ಎಚ್ಚರ ಬೇಕಾದ ದಿನಗಳು ಇನ್ನೂ ಬರಬೇಕಿರುವಾಗಲೇ ಬಾಗಿಲು ತೆರೆದ ಹಾಗೆ. ಮನುಷ್ಯರ ನಿಯಮವನ್ನು ಪ್ರಾಣಿಗೆ ಹಚ್ಚಿದರೆ ನಿಯಮವೂ ಉಳಿಯುವುದಿಲ್ಲ, ಪ್ರಾಣಿಯೂ ಉಳಿಯುವುದಿಲ್ಲ.

ಹಾಗಾದರೆ ಮನೆಯವರ ಕರ್ತವ್ಯ ಏನು? ಮೊದಲು ಅವಳನ್ನು ಆ ಕಂಬದಿಂದ ಬಿಚ್ಚಿ. ಕಟ್ಟಿಹಾಕಿದ ಪ್ರಾಣಿಗೆ ಓಡಲು ದಾರಿಯಿಲ್ಲ. ನಾಲ್ಕೈದು ಗಂಡುನಾಯಿಗಳ ನಡುವೆ, ಕತ್ತಲಲ್ಲಿ, ಇನ್ನೂ ಬೆಳೆಯುತ್ತಿರುವ ಒಂಬತ್ತು ತಿಂಗಳ ಮರಿಯನ್ನು ಹಾಗೆ ಬಿಡುವುದನ್ನು ಶುದ್ಧಿ ಅಂತ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಬಾಗಿಲು ಭದ್ರವಾಗಿ ಹಾಕಬಹುದಾದ ಒಂದು ಕೋಣೆ, ಸೌದೆ ಮನೆಯಾದರೂ ಸರಿ, ಗೋಣಿಚೀಲದ ಮೇಲೆ ಹಳೆ ಸೀರೆ ಹಾಸಿ ಅಲ್ಲಿಡಿ. ಹಾಸಿದ ಬಟ್ಟೆಯನ್ನು ದಿನಾ ಬದಲಿಸಿ. ಪದೇ ಪದೇ ತಲೆಮೇಲೆ ನೀರು ಸುರಿಯುವುದು ಬೇಡ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಉಳಿದದ್ದನ್ನು ಅವಳೇ ನೆಕ್ಕಿ ಶುಚಿ ಮಾಡಿಕೊಳ್ಳುತ್ತಾಳೆ. ಹೊರಗೆ ಬಿಡುವಾಗ ಸರಪಳಿ ನಿಮ್ಮ ಕೈಯಲ್ಲೇ ಇರಲಿ, ರಕ್ತ ನಿಂತ ಮೇಲೂ ಒಂದೆರಡು ವಾರ ಹಾಗೇ ಇರಲಿ. ಊಟ ಬಿಡಬಹುದು, ಮಂಕಾಗಬಹುದು, ಪದೇ ಪದೇ ಮೂತ್ರ ಮಾಡಬಹುದು. ಗದರಬೇಡಿ. ನಿಮ್ಮ ಎಚ್ಚರ ತಪ್ಪಿ ಅವು ಕೂಡಿಬಿಟ್ಟರೆ ಕಲ್ಲು ಹೊಡೆಯುವುದು, ಎಳೆದು ಬಿಡಿಸುವುದು ಬೇಡ. ಎರಡಕ್ಕೂ ಪೆಟ್ಟಾಗುತ್ತದೆ. ತಾವಾಗಿ ಬಿಡಿಸಿಕೊಂಡ ಮೇಲೆ ಪಶುವೈದ್ಯರಿಗೆ ತೋರಿಸಿ. ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬೇಡಿ.

ಪೂಜೆಯ ದಿನ ಅವಳು ಆ ಕೋಣೆಯಲ್ಲೇ ಇರಲಿ. ಇದು ಮೈಲಿಗೆಗೆ ಅಲ್ಲ, ಬಂದ ನೆಂಟರಲ್ಲಿ ಯಾರಾದರೂ ಬಾಗಿಲು ತೆಗೆದುಬಿಟ್ಟಾರು ಅಂತ. ನೈವೇದ್ಯ ಆದ ಮೇಲೆ ಅವಳ ಪಾಲಿನ ಅನ್ನ ಮರೆಯಬೇಡಿ.

ಇಲ್ಲಿ ಒಂದು ಕಥೆ ನೆನಪಾಗುತ್ತದೆ. ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿ ಎಲ್ಲರಿಗೂ ಗೊತ್ತು. ಆದರೆ ಆದಿಪರ್ವದಲ್ಲೂ ಒಂದು ನಾಯಿ ಇದೆ, ಅದು ತಾಯಿನಾಯಿ. ಕುರುಕ್ಷೇತ್ರದಲ್ಲಿ ಜನಮೇಜಯ ದೀರ್ಘಸತ್ರ ನಡೆಸುತ್ತಿದ್ದ. ಅಲ್ಲಿಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸಿದರು. ಮರಿ ಅಳುತ್ತಾ ತಾಯಿ ಸರಮೆಯ ಹತ್ತಿರ ಹೋಯಿತು. ನೀನು ಏನೋ ತಪ್ಪು ಮಾಡಿರಬೇಕು ಅಂದಳು ತಾಯಿ. ಇಲ್ಲ, ನಾನು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಅಂದಿತು ಮರಿ. ಸರಮೆ ಯಜ್ಞಶಾಲೆಗೇ ಬಂದು, ತಪ್ಪಿಲ್ಲದ ನನ್ನ ಮಗನನ್ನು ಯಾಕೆ ಹೊಡೆದಿರಿ ಅಂತ ಕೇಳಿದಳು. ಅವರು ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಶಪಿಸಿ ಹೋದಳು. ಆ ಶಾಪ ಕಳೆದುಕೊಳ್ಳಲು ರಾಜ ತಕ್ಕ ಪುರೋಹಿತನನ್ನು ಹುಡುಕಿಕೊಂಡು ಅಲೆಯಬೇಕಾಯಿತು.

ಗಮನಿಸಿ ತಾಯಿ, ಯಜ್ಞಶಾಲೆಗೆ ನಾಯಿ ಬಂದದ್ದರಿಂದ ಯಜ್ಞ ಕೆಟ್ಟಿತು ಅಂತ ಅಲ್ಲಿ ಹೇಳಿಲ್ಲ. ತಪ್ಪಿಲ್ಲದ ಜೀವವನ್ನು ನೋಯಿಸಿ, ಕೇಳಿದಾಗ ಉತ್ತರ ಕೊಡದೆ ಇದ್ದದ್ದಕ್ಕೆ ಶಾಪ ಬಂತು.

ಈಗ ಆಪರೇಷನ್ ವಿಚಾರ. ಒಂದು ಜೀವಕ್ಕೆ ತಾಯ್ತನ ತಪ್ಪಿಸಿದ ಹಾಗಾಗುತ್ತದೆ ಎಂಬ ನಿಮ್ಮ ಅಳುಕು ಸಣ್ಣದಲ್ಲ. ಇದರಲ್ಲಿ ಹಿಂಸೆಯೇ ಇಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಗೃಹಸ್ಥನ ಬದುಕಿನಲ್ಲಿ ಹಿಂಸೆ ಪೂರಾ ತಪ್ಪುವುದಿಲ್ಲ ಅಂತ ಶಾಸ್ತ್ರವೇ ಒಪ್ಪಿದೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು, ನೀರಿನ ಕೊಡ, ಈ ಐದರಲ್ಲಿ ದಿನವೂ ಸಣ್ಣ ಜೀವಗಳು ಸಾಯುತ್ತವೆ. ಇವನ್ನು ಪಂಚಸೂನೆ ಅನ್ನುತ್ತಾರೆ. ಅದಕ್ಕೆ ಪರಿಹಾರವಾಗಿಯೇ ಪಂಚಮಹಾಯಜ್ಞ. ಅದರಲ್ಲಿ ಭೂತಯಜ್ಞವೂ ಒಂದು. ವೈಶ್ವದೇವದ ಹೊತ್ತಿಗೆ ನಾಯಿಯ ಪಾಲಿನ ಅನ್ನವನ್ನು ಭೂಮಿಯ ಮೇಲೆ ಮೆಲ್ಲಗೆ ಇಡಬೇಕು ಅನ್ನುತ್ತದೆ ಮನುಸ್ಮೃತಿ. ಎಸೆಯಬೇಕು ಅಂದಿಲ್ಲ, ಮೆಲ್ಲಗೆ ಇಡಬೇಕು. ಮಡಿಗಾಗಿ ನಾಯಿಯನ್ನು ದೂರವಿಟ್ಟ ಶಾಸ್ತ್ರವೇ ಅದರ ಅನ್ನವನ್ನು ಹೀಗೆ ಕಾದಿದೆ.

ಹಾಗಾಗಿ ತೂಗಿ ನೋಡಬೇಕು. ಒಂದು ಕಡೆ, ಅರಿವಳಿಕೆ ಕೊಟ್ಟು ಮಾಡುವ ಒಂದು ದಿನದ ಶಸ್ತ್ರಕ್ರಿಯೆ, ಕೆಲವು ದಿನಗಳ ನೋವು. ಇನ್ನೊಂದು ಕಡೆ, ವರ್ಷಕ್ಕೆ ಎರಡು ಸಲದವರೆಗೆ ಮರಿಗಳು. ಗಂಡುಮರಿಗಳನ್ನು ಯಾರಾದರೂ ಕೇಳಿ ಒಯ್ಯುತ್ತಾರೆ. ಹೆಣ್ಣುಮರಿಗಳು ಗೋಣಿಚೀಲದಲ್ಲಿ ಸಂತೆಯ ಬದಿಗೋ ಬಸ್ ನಿಲ್ದಾಣಕ್ಕೋ ಹೋಗುತ್ತವೆ. ಕಣ್ಣು ಬಿಡದ ಮರಿಯನ್ನು ಹೀಗೆ ಬಿಟ್ಟು ಬರುವುದನ್ನು ಪಾಪ ಅನ್ನದೆ, ಅದು ಹುಟ್ಟದಂತೆ ನೋಡಿಕೊಳ್ಳುವುದನ್ನು ಪಾಪ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಒಂದು ಸಲವಾದರೂ ಮರಿ ಹಾಕಿಸಲೇಬೇಕು ಅಂತ ಹೇಳುವವರಿದ್ದಾರೆ. ಅವಳ ಆರೋಗ್ಯಕ್ಕೆ ಅದು ಬೇಕಿಲ್ಲ. ಶಸ್ತ್ರಕ್ರಿಯೆ ಮಾಡಿಸಿದರೆ, ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣಕ್ಕೆ ಬರುವ ಕಾಯಿಲೆಯೂ ತಪ್ಪುತ್ತದೆ. ಬೆದೆಯ ಸಮಯದಲ್ಲಿ ರಕ್ತಸಂಚಾರ ಹೆಚ್ಚಿರುತ್ತದೆ, ಆದ್ದರಿಂದ ಸಾಮಾನ್ಯವಾಗಿ ಬೆದೆ ಮುಗಿದು 2-3 ತಿಂಗಳು ಬಿಟ್ಟು ಮಾಡುತ್ತಾರೆ. ಪಶುವೈದ್ಯರನ್ನು ಕೇಳಿ ನಿರ್ಧರಿಸಿ. ಮರಿಗಳನ್ನೆಲ್ಲ ಸಾಕುವ ಶಕ್ತಿ ನಿಮಗಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಅಳುಕದೆ ಮಾಡಿಸಿ. ಆ ನೋವಿನ ಋಣ ತೀರಿಸುವ ದಾರಿ ಅಂದರೆ ಅವಳನ್ನು ಕೊನೆಯತನಕ ಚೆನ್ನಾಗಿ ನೋಡಿಕೊಳ್ಳುವುದು.

ಕೊನೆಗೆ ಮಗಳ ವಿಷಯ. ನಿಮ್ಮ ಮನೆಯ ಆಚಾರ ಹೇಗಿರಬೇಕು ಅಂತ ತೀರ್ಮಾನಿಸುವುದು ನಿಮ್ಮ ಮನೆಗೆ ಬಿಟ್ಟದ್ದು. ಶರಣರು ಸೂತಕಗಳನ್ನೇ ಒಪ್ಪಲಿಲ್ಲ, ಸ್ಮಾರ್ತರು ಪಾಲಿಸುತ್ತಾ ಬಂದರು. ಎರಡೂ ನಮ್ಮ ನಾಡಿನ ದಾರಿಗಳೇ. ಆದರೆ ತುಳುನಾಡಿನ ಕೆಡ್ಡಸವನ್ನು ನೆನಪು ಮಾಡಿಕೊಳ್ಳಿ. ಭೂಮಿತಾಯಿ ಮುಟ್ಟಾದಳು ಅಂತ ಮೂರು ದಿನ ಅಲ್ಲಿ ನೆಲ ಅಗೆಯುವುದಿಲ್ಲ, ಉಳುವುದಿಲ್ಲ. ಕೊನೆಗೆ ಅವಳಿಗೆ ಎಣ್ಣೆ ಬಿಡುತ್ತಾರೆ. ಅಸ್ಸಾಮಿನ ಕಾಮಾಖ್ಯದಲ್ಲಿ ಅಂಬುಬಾಚಿಯ ಮೂರು ದಿನ ಗುಡಿಯ ಬಾಗಿಲು ಮುಚ್ಚಿ, ಆಮೇಲೆ ಕೆಂಪು ವಸ್ತ್ರವನ್ನು ಪ್ರಸಾದವಾಗಿ ಕೊಡುತ್ತಾರೆ. ಎರಡು ಕಡೆಯೂ ಜನ ತಾವು ಹಿಂದೆ ಸರಿದು ಅವಳಿಗೆ ವಿಶ್ರಾಂತಿ ಕೊಟ್ಟರೇ ಹೊರತು ಅವಳನ್ನು ಆಚೆ ನೂಕಲಿಲ್ಲ. ನಿಮ್ಮ ಮಗಳಿಗೆ ಆ ಮೂರು ದಿನ ಮೊದಲನೆಯದರ ಹಾಗೆ ಕಾಣುತ್ತದೋ ಎರಡನೆಯದರ ಹಾಗೆ ಕಾಣುತ್ತದೋ, ಅವಳನ್ನೇ ಕೇಳಿ. ಅವಳು ಹೇಳಿದ್ದನ್ನು ಕೂತು ಕೇಳಿಸಿಕೊಳ್ಳಿ.

ಅತ್ತೆಯವರಿಗೆ ಈ ಪುಟ ತೋರಿಸಿ ಗೆದ್ದೆ ಅನ್ನಬೇಡಿ. ಅವರು ತಮಗೆ ಕಲಿಸಿದ್ದನ್ನು ಇಷ್ಟು ವರ್ಷ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದವರು. ಅವರ ಮಡಿಗೆ ಏನೂ ಭಂಗವಿಲ್ಲ ಅಂತ ತಿಳಿಸಿ ಹೇಳಿ. ರಾಣಿಗೆ ಅನ್ನ ಹಾಕುವ ಕೆಲಸ ಅವರದೇ ಆದರೆ ಇನ್ನೂ ಒಳ್ಳೆಯದು. ಮಗಳಿಗೆ ಇಷ್ಟು ಹೇಳಿ: "ರಾಣಿಗೆ ಯಾರೂ ಹೇಳಿರಲಿಲ್ಲ ಮಗಾ, ಅದಕ್ಕೇ ಬಿಚ್ಚಿದ್ದೇವೆ."