ಧ್ಯಾನವೂ ದಾಸಕೂಟವೂ



ಧನುರ್ಮಾಸವು ಸಮೀಪಿಸುತ್ತಿದೆ. ಅರುಣೋದಯದಲ್ಲಿ ಎದ್ದು, ಮಿಂದು, ಹುಗ್ಗಿಯನ್ನು ನಿವೇದಿಸಿ ಶ್ರೀಹರಿಯನ್ನು ಪೂಜಿಸುವ ಈ ಕಾಲವು ಧ್ಯಾನಕ್ಕೆ ತಾನಾಗಿಯೇ ಅನುಕೂಲವಾದುದು. ಊರು ಇನ್ನೂ ಎಚ್ಚತ್ತಿರುವುದಿಲ್ಲ. ಮನಸ್ಸೂ ವ್ಯವಹಾರದ ಜಂಜಡಕ್ಕೆ ಇಳಿದಿರುವುದಿಲ್ಲ. ಈ ಹೊತ್ತಿನಲ್ಲಿ ಊರಿನವರೆಲ್ಲರೂ ದೇವಾಲಯದಲ್ಲಿ ಕಲೆತು ಧ್ಯಾನಕ್ಕೂ ನಾಮಸಂಕೀರ್ತನೆಗೂ ಕುಳಿತುಕೊಳ್ಳಬೇಕೆಂಬ ಅಪೇಕ್ಷೆಯು ಸಹಜವಾದುದೇ. ಅದರ ಹಿಂದೆಯೇ ಎರಡು ಪ್ರಶ್ನೆಗಳೂ ಏಳುತ್ತವೆ. ತರುಣರು ಕೇಳುತ್ತಾರೆ: ಧ್ಯಾನವನ್ನು ಕಲಿಯಲು ಬೇರೆಡೆಯ ಶಿಬಿರಗಳಿಗೆ ಹೋಗುತ್ತಿದ್ದೇವೆ, ನಮ್ಮ ಸಂಪ್ರದಾಯದಲ್ಲಿ ಧ್ಯಾನವೆಂಬುದು ಇಲ್ಲವೇ? ಹಿರಿಯರು ಕೇಳುತ್ತಾರೆ: ಎಲ್ಲರೂ ಬಂದು ಕುಳಿತರೆ ಅಧಿಕಾರಭೇದದ ಗತಿಯೇನು? ಎರಡೂ ಪ್ರಾಮಾಣಿಕವಾದ ಪ್ರಶ್ನೆಗಳು. ಎರಡನ್ನೂ ವಿಚಾರಿಸೋಣ.

ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಮೆಟ್ಟಿಲುಗಳನ್ನು ನಾವೆಲ್ಲರೂ ಕೇಳಿದ್ದೇವೆ. ಶ್ರವಣದಿಂದ ಅಜ್ಞಾನವು ಕಳೆಯುತ್ತದೆ. ಮನನದಿಂದ ಸಂಶಯ ವಿಪರ್ಯಯಗಳು ತೊಲಗುತ್ತವೆ. ಹೀಗೆ ನಿಶ್ಚಯವಾದ ತತ್ತ್ವದಲ್ಲಿ ಮನಸ್ಸನ್ನು ಕಡಿಯದ ಎಣ್ಣೆಯ ಧಾರೆಯಂತೆ ನಿಲ್ಲಿಸುವುದೇ ನಿದಿಧ್ಯಾಸನ. ಆದುದರಿಂದ ಮನಸ್ಸನ್ನು ಬರಿದು ಮಾಡುವುದು ನಮ್ಮ ಧ್ಯಾನವಲ್ಲ, ತುಂಬುವುದು ನಮ್ಮ ಧ್ಯಾನ. ದೂರದೇಶದಲ್ಲಿರುವ ಮಗನನ್ನು ತಾಯಿಯು ನೆನೆಯುವ ಬಗೆಯನ್ನು ನೋಡಿರಿ. ಅವನ ಮುಖ, ಮಾತು, ಹಸಿವು, ಮುನಿಸು ಎಲ್ಲವನ್ನೂ ಅವಳು ಬಲ್ಲಳು. ಆದುದರಿಂದಲೇ ಅವಳ ನೆನಪು ಅನ್ನ ಬಡಿಸುವಾಗಲೂ ಕಡಿಯದು. ಗುಣವನ್ನು ಅರಿಯದೆ ಸ್ಮರಣೆಯು ನಿಲ್ಲದು. ಸ್ಮರಣೆಯಿಲ್ಲದೆ ಅರಿವು ಫಲಿಸದು.

ಹಾಗಾದರೆ ಅನಂತಗುಣಪೂರ್ಣನಾದ ಶ್ರೀಹರಿಯ ಯಾವ ಗುಣಗಳನ್ನು ಅಲ್ಪರಾದ ನಾವು ಧ್ಯಾನಿಸಬೇಕು? ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಉಪಾಸನೆಯ ವಿಚಾರ ಬಂದಾಗ ಶ್ರೀಮದಾಚಾರ್ಯರು ಇದಕ್ಕೆ ಉತ್ತರವನ್ನು ದಯಪಾಲಿಸಿದ್ದಾರೆ. ಚತುರ್ಮುಖ ಬ್ರಹ್ಮನು ಸಕಲ ಗುಣಗಳಿಂದಲೂ, ದೇವತೆಗಳು ತಮ್ಮ ತಮ್ಮ ಯೋಗ್ಯತೆಗೆ ತಕ್ಕಷ್ಟು ಬಹುಗುಣಗಳಿಂದಲೂ ಉಪಾಸಿಸುತ್ತಾರೆ. ಮನುಷ್ಯರಿಗೆ ಸತ್, ಚಿತ್, ಆನಂದ, ಆತ್ಮ ಎಂಬ ನಾಲ್ಕು. ಭಗವಂತನು ದೋಷರಹಿತನು, ಜ್ಞಾನಸ್ವರೂಪನು, ಆನಂದಸ್ವರೂಪನು, ನನಗೆ ಸ್ವಾಮಿಯು ಎಂಬ ನಾಲ್ಕು ಚಿಂತನೆಗಳಿವು. ಪಂಡಿತನಿಗೆ ಇಷ್ಟು, ಪಾಮರನಿಗೆ ಇಷ್ಟು ಎಂದು ಈ ನಾಲ್ಕನ್ನು ಹಂಚಿಲ್ಲವೆಂಬುದನ್ನು ಗಮನಿಸಬೇಕು.

ಇನ್ನು ಎರಡನೆಯ ಪ್ರಶ್ನೆ. ಅಧಿಕಾರಭೇದವು ನಮ್ಮ ಶಾಸ್ತ್ರದಲ್ಲಿ ಇಲ್ಲವೆಂದು ನಾವು ಹೇಳಲಾರೆವು. ವೇದಾಧ್ಯಯನಕ್ಕೆ ಅದರದೇ ನಿಯಮಗಳಿವೆ. ಆದರೆ ಬ್ರಹ್ಮಸೂತ್ರಭಾಷ್ಯದ ಆರಂಭದಲ್ಲಿಯೇ, ಅಧಿಕಾರಿಯು ಯಾರೆಂದು ನಿರೂಪಿಸುವ ಸ್ಥಳದಲ್ಲಿಯೇ, ಆಚಾರ್ಯರು ವ್ಯೋಮಸಂಹಿತೆಯ ವಚನವನ್ನು ಉದಾಹರಿಸಿ, ಭಕ್ತರಾದವರು ಅಂತ್ಯಜರೇ ಆಗಿರಲಿ, ಅವರಿಗೂ ನಾಮಜ್ಞಾನದಲ್ಲಿ ಅಧಿಕಾರವುಂಟೆಂದು ತಿಳಿಸಿದ್ದಾರೆ. ಅಲ್ಲಿ ಕೇಳಿರುವ ಅರ್ಹತೆ ಭಕ್ತಿ. ನಾಮಸ್ಮರಣೆಗೆಂದು ಕೂಡುವ ಕೂಟದಲ್ಲಿ ಅದಕ್ಕಿಂತ ಹೆಚ್ಚಿನದನ್ನು ಕೇಳಲು ನಾವು ಯಾರು?

ಮತ್ತೊಂದು ವಿಚಾರ. ಒಂದು ಅಹೋರಾತ್ರಿಯಲ್ಲಿ ಮನುಷ್ಯನು 21,600 ಬಾರಿ ಉಸಿರಾಡುವನೆಂದು ನಮ್ಮ ಹಿರಿಯರ ಲೆಕ್ಕ. ನಿಮಿಷಕ್ಕೆ 15ರಂತೆ ಎಣಿಸಿದರೆ ಅದು ಸರಿಹೊಂದುತ್ತದೆ. ಈ ಪ್ರತಿಯೊಂದು ಉಸಿರಿನಲ್ಲಿಯೂ ಮುಖ್ಯಪ್ರಾಣದೇವರು ಜೀವನೊಳಗೆ ನಿಂತು ಹಂಸಮಂತ್ರವನ್ನು ಜಪಿಸುತ್ತಿರುವರು. ನಾವು ಮಲಗಿದಾಗಲೂ ಈ ಜಪವು ನಿಲ್ಲದು. ನಮ್ಮ ಪಕ್ಕದಲ್ಲಿ ಬಂದು ಕುಳಿತವನ ಕುಲವನ್ನು ವಿಚಾರಿಸುವ ಮೊದಲು, ಅವನೊಳಗೂ ಈ ಜಪವು ನಡೆಯುತ್ತಿದೆಯೆಂಬುದನ್ನು ನೆನೆಯೋಣ. ತಾರತಮ್ಯವು ಸತ್ಯ, ಆದರೆ ಅದು ಜೀವಸ್ವರೂಪಕ್ಕೆ ಸೇರಿದುದು. ಅದನ್ನು ಅಳೆಯುವ ಕೋಲು ಶ್ರೀಹರಿಯ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ.

ಈ ಅರಿವನ್ನು ಆಚರಣೆಗೆ ತಂದವರು ಶ್ರೀವ್ಯಾಸರಾಜರು (1460–1539). ತರ್ಕತಾಂಡವ, ನ್ಯಾಯಾಮೃತಗಳಂತಹ ಪ್ರೌಢಗ್ರಂಥಗಳನ್ನು ರಚಿಸಿದ ಆ ಯತಿವರ್ಯರೇ ಕುರುಬರ ಕುಲದಲ್ಲಿ ಹುಟ್ಟಿದ ಕನಕದಾಸರನ್ನು ಶಿಷ್ಯರನ್ನಾಗಿ ಅಂಗೀಕರಿಸಿದರು. ಬಾಳೆಯ ಹಣ್ಣಿನ ಕಥೆಯು ಮಕ್ಕಳಿಗೂ ಗೊತ್ತು. ಯಾರೂ ಕಾಣದ ಸ್ಥಳದಲ್ಲಿ ತಿಂದು ಬನ್ನಿರೆಂದು ಗುರುಗಳು ಅಪ್ಪಣೆಯಿತ್ತಾಗ, ಉಳಿದವರೆಲ್ಲರೂ ತಿಂದು ಬಂದರು. ಭಗವಂತನು ಕಾಣದ ಎಡೆ ದೊರೆಯಲಿಲ್ಲವೆಂದು ಕನಕದಾಸರು ಹಣ್ಣನ್ನು ಹಿಂದಕ್ಕೆ ತಂದರು. ಇದನ್ನು ನಾವು ಜಾಣ್ಮೆಯ ಕಥೆಯೆಂದು ಹೇಳಿ ಮುಗಿಸುತ್ತೇವೆ. ವಾಸ್ತವವಾಗಿ ಇದು ಧ್ಯಾನದ ಕಥೆ. ಸರ್ವಾಂತರ್ಯಾಮಿಯ ವಿಷಯವನ್ನು ಉಳಿದ ಶಿಷ್ಯರೂ ಪಾಠದಲ್ಲಿ ಕೇಳಿದ್ದರು. ಕೈಯಲ್ಲಿ ಹಣ್ಣಿದ್ದಾಗಲೂ ಅದು ನೆನಪಿನಲ್ಲಿ ಉಳಿದದ್ದು ಒಬ್ಬರಿಗೆ ಮಾತ್ರ. ಶ್ರವಣಕ್ಕೂ ನಿದಿಧ್ಯಾಸನಕ್ಕೂ ಇರುವ ಅಂತರವು ಇಷ್ಟೇ.

ಉಡುಪಿಯಲ್ಲಿ ಕನಕನ ಕಿಂಡಿಯ ಮುಂದೆ ನಿಂತು ಶ್ರೀಕೃಷ್ಣನ ಕಾರುಣ್ಯವನ್ನು ಕೊಂಡಾಡುತ್ತೇವೆ. ಕೊಂಡಾಡತಕ್ಕದ್ದೇ. ಆದರೆ ಕಿಂಡಿಯ ಕಥೆಯು ಗೋಡೆಯ ಕಥೆಯೂ ಹೌದು. ಕಿಂಡಿಯನ್ನು ಸ್ತುತಿಸುತ್ತ ಮನಸ್ಸಿನಲ್ಲಿ ಹೊಸ ಗೋಡೆಯನ್ನು ಕಟ್ಟಿದರೆ ನಮ್ಮ ಸ್ತುತಿಯು ಬರಿಯ ಬಾಯಿಮಾತಾದೀತು. ಹೆಳವನಕಟ್ಟೆ ಗಿರಿಯಮ್ಮನವರ ಚಂದ್ರಹಾಸನ ಕಥೆಯನ್ನು ನಮ್ಮ ತಾಯಂದಿರು ಹಾಡಿದರು. ಜಗನ್ನಾಥದಾಸರು ತತ್ತ್ವದ ಸಾರವನ್ನು ಕನ್ನಡದ ಭಾಮಿನೀ ಷಟ್ಪದಿಗೆ ಇಳಿಸಿ ಹರಿಕಥಾಮೃತಸಾರವನ್ನು ಕೊಟ್ಟರು. ದಾಸಕೂಟವು ಬಾಗಿಲನ್ನು ತೆರೆದ ಕಾರಣದಿಂದಲೇ ಶಾಸ್ತ್ರವು ಅಡಿಗೆಮನೆಯವರೆಗೂ ಹೊಲದವರೆಗೂ ಬಂದಿತು.

ಕುಳಿತುಕೊಳ್ಳುವ ಕ್ರಮವು ಕಠಿಣವಾದುದಲ್ಲ. ಮೊದಲು ಗುರುಸ್ಮರಣೆ. ಬಳಿಕ ಕೆಲವು ಉಸಿರುಗಳ ಕಾಲ ಒಳಗೆ ನಡೆಯುವ ಪ್ರಾಣದೇವರ ಜಪವನ್ನು ಭಾವಿಸುವುದು. ಅನಂತರ ದೇವರ ಮೂರ್ತಿಯನ್ನು ಪಾದದಿಂದ ಮುಖದವರೆಗೆ ನಿಧಾನವಾಗಿ ಚಿಂತಿಸುತ್ತ ಆ ನಾಲ್ಕು ಗುಣಗಳನ್ನು ಒಂದೊಂದಾಗಿ ಸ್ಮರಿಸುವುದು. ಮನಸ್ಸು ಹೊರಗೆ ಓಡಿದರೆ ಕರುವನ್ನು ಕೊಟ್ಟಿಗೆಗೆ ತರುವಂತೆ ಮತ್ತೆ ಕರೆತರುವುದು. ಕೊನೆಗೆ ಎಲ್ಲರೂ ಕೂಡಿ ಒಂದು ದಾಸರ ಪದವನ್ನು ಹಾಡಿ ಸಮರ್ಪಿಸುವುದು. ಮನೆಗೆ ಮರಳಿದ ಮೇಲೆ ಊಟದ ಎಲೆಯ ಮುಂದೆ, ಅನ್ನದಲ್ಲಿಯೂ ಹಾಲು ಮೊಸರಿನಲ್ಲಿಯೂ ಇರುವ ಭಗವದ್ರೂಪಗಳನ್ನು ಸ್ಮರಿಸಿದರೆ ಬೆಳಗಿನ ಧ್ಯಾನವು ಅಲ್ಲಿಯೂ ಮುಂದುವರಿಯುತ್ತದೆ.

ಹಂಪೆಯಲ್ಲಿ ತುಂಗಭದ್ರೆಯ ದಡದಲ್ಲಿ ಶ್ರೀವ್ಯಾಸರಾಜರು ಪ್ರತಿಷ್ಠಿಸಿದ ಯಂತ್ರೋದ್ಧಾರಕ ಪ್ರಾಣದೇವರನ್ನು ದರ್ಶಿಸಿದವರು ಬಲ್ಲರು: ಅಲ್ಲಿ ಹನುಮಂತನು ಕಡಲನ್ನು ಹಾರುತ್ತಿಲ್ಲ, ಬೆಟ್ಟವನ್ನು ಎತ್ತುತ್ತಿಲ್ಲ; ಯಂತ್ರದ ಮಧ್ಯದಲ್ಲಿ ಪದ್ಮಾಸನದಲ್ಲಿ ಕುಳಿತು ಧ್ಯಾನಿಸುತ್ತಿರುವನು. ಆತನ ಸುತ್ತಲೂ ಹನ್ನೆರಡು ಕಪಿಗಳು. ಚಪಲಸ್ವಭಾವದ ಕಪಿಗಳಿಗೇ ಆ ಧ್ಯಾನದ ಸುತ್ತ ಸ್ಥಳವಿರುವಾಗ, ಭಕ್ತಿಯಿಂದ ಬಂದ ಮನುಷ್ಯನಿಗೆ ನಮ್ಮ ಸಾಲಿನಲ್ಲಿ ಸ್ಥಳವಿಲ್ಲದೆ ಹೋಗಬಾರದು. ಈ ಧನುರ್ಮಾಸದಲ್ಲಿ ಚಾಪೆಯನ್ನು ಅಗಲವಾಗಿ ಹಾಸೋಣ. ಅಂತಹ ಬುದ್ಧಿಯನ್ನು ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀಕೃಷ್ಣನು ನಮಗೆಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.