ನಾದ ವೀಣೆಯದೋ, ಕೋಣೆಯದೋ?

ಶಬ್ದ ಆಕಾಶದ ಗುಣ, ಅಲೆಯಿಂದ ಅಲೆ ಹುಟ್ಟಿ ಕಿವಿ ಮುಟ್ಟುತ್ತದೆ ಎಂದರು ನ್ಯಾಯ ದರ್ಶನದ ನೈಯಾಯಿಕರು. ಮೀಮಾಂಸಾ ದರ್ಶನದವರಿಗೆ ಅದು ನಿತ್ಯ. ಉಚ್ಚಾರಣೆ ಅದನ್ನು ಪ್ರಕಟಿಸುತ್ತದೆ, ಅಷ್ಟೆ. ಹಾಗಾದರೆ ಮನೆಯಲ್ಲಿ ಕೇಳುವ ವೀಣೆಗೆ ಗೋಡೆಗಳು ಸೇರಿಸುವುದು ಕಲಬೆರಕೆಯೇ?

ಗೋಡೆಗಳ ಪಾಲನ್ನು ಅಳೆದವರೂ ಇದ್ದಾರೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತು ಸುಮಾರು ಐದೂವರೆ ಸೆಕೆಂಡು ಗುಂಯ್‌ಗುಡುತ್ತಿತ್ತು. ಅಲ್ಲಿನ ಭೌತವಿಜ್ಞಾನಿ ವ್ಯಾಲೇಸ್ ಸಬೀನ್ ರಾತ್ರಿ ಹೊತ್ತು ರಂಗಮಂದಿರದ ಆಸನದ ಮೆತ್ತೆಗಳನ್ನು ತಂದು ಹರಡಿ, ಆರ್ಗನ್ ಕೊಳವೆ ನುಡಿಸಿ ಅಳೆದ. ಮೆತ್ತೆ ಹೆಚ್ಚಿದಂತೆ ಅನುರಣನ ತಗ್ಗಿತು. ಇಂದು ಪಕ್ಕದ ಗೋಡೆಗೆ ಸದ್ದು ಹೀರುವ ರಾಕ್‌ವೂಲ್ ಫಲಕ, ಕಿಟಕಿಗೆ ದಪ್ಪ ಪರದೆ ಹಾಕುವುದೂ ಅದೇ ಲೆಕ್ಕ.

ಎಲ್ಲವನ್ನೂ ಹೀರಿಬಿಟ್ಟರೆ? 1951ರಲ್ಲಿ ಅದೇ ಹಾರ್ವರ್ಡ್‌ನ ಪ್ರತಿಧ್ವನಿರಹಿತ ಕೋಣೆಯಲ್ಲಿ ಸಂಗೀತ ಸಂಯೋಜಕ ಜಾನ್ ಕೇಜ್‌ಗೆ ಮೌನ ಸಿಗಲಿಲ್ಲ, ತನ್ನದೇ ದೇಹದ ಸದ್ದು ಕೇಳಿಸಿತು.

ಇಲ್ಲಿ ನೈಯಾಯಿಕರ ವಾದವೇ ಗಟ್ಟಿ: ಅಲೆಯಿಂದ ಅಲೆಯಾಗಿ ಬರುವ ನಾದದಲ್ಲಿ ಗೋಡೆಯ ಪಾಲೂ ಇದೆ, ಅದು ಕಲಬೆರಕೆಯಲ್ಲ. ಹಾಗಾಗಿ ಎಲ್ಲವನ್ನೂ ಹೀರಿಸದೆ, ಪಕ್ಕದ ಗೋಡೆಯ ಮೊದಲ ಪ್ರತಿಫಲನವನ್ನಷ್ಟೇ ತಡೆದು, ಹಿಂದಿನ ಗೋಡೆಯನ್ನು ಸದ್ದು ಚದುರಿಸುವ ಪುಸ್ತಕದ ಕಪಾಟಿಗೆ ಬಿಡುವುದೇ ಮೇಲು.