ಇಪ್ಪತ್ನಾಲ್ಕು ವಾರ, ಎರಡು ದಿನ

2012ರ ಮಾತು. ಹೆಂಡತಿಗೆ ಏಳು ತಿಂಗಳು. ಡೊಂಬಿವಲಿಯ ಸೊನೊಗ್ರಫಿ ಸೆಂಟರಿನ ವರದಿ ಮಗುವಿನ ವಯಸ್ಸನ್ನು ನಮ್ಮ ಲೆಕ್ಕಕ್ಕಿಂತ ಹತ್ತು ದಿನ ಕಡಿಮೆ ತೋರಿಸಿತು. ಧಾರವಾಡದಿಂದ ಬಂದಿದ್ದ ಅತ್ತೆ, "ದಿನಾ ತಪ್ಪಿ ಬರಕೊಂಡೀರೇನು? ತಾರೀಖು ಮುಂದ ಹಾಕ್ರಿ, ಮುಗೀತು" ಎಂದರು. ನನಗೂ ಅದೇ ಹಿತವೆನಿಸಿತು. ಡಾಕ್ಟರ್ ಒಪ್ಪಲಿಲ್ಲ. ಒಂಬತ್ತನೇ ವಾರದ ಸ್ಕ್ಯಾನಿನಲ್ಲಿ ಗೊತ್ತಾದ ತಾರೀಖನ್ನು ಈಗ ತಿದ್ದಿದರೆ, ಮಗು ನಿಜಕ್ಕೂ ಸಣ್ಣದಿದ್ದರೂ ಕಾಣಿಸುವುದಿಲ್ಲ ಎಂದರು. ತಡವಾದ ಪ್ರಾಜೆಕ್ಟಿನ ಬೇಸ್‌ಲೈನ್ ತಿದ್ದಿ ಎಲ್ಲವನ್ನೂ ಹಸಿರು ಮಾಡುವ ವಿದ್ಯೆ ನನಗೆ ಗೊತ್ತು. ನಾಚಿಕೆಯಾಯಿತು.

ಸ್ಕ್ಯಾನ್ ವಯಸ್ಸನ್ನು ಅಳೆಯುವುದಿಲ್ಲ. ಗಾತ್ರ ಅಳೆದು ವಯಸ್ಸು ಊಹಿಸುತ್ತದೆ. ಮೊದಲ ಮೂರು ತಿಂಗಳು ಭ್ರೂಣಗಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ಆಗ ನೆತ್ತಿಯಿಂದ ಪೃಷ್ಠದವರೆಗಿನ ಉದ್ದ ನೋಡಿದರೆ ಐದರಿಂದ ಏಳು ದಿನಗಳ ವ್ಯತ್ಯಾಸದೊಳಗೆ ವಯಸ್ಸು ಸಿಗುತ್ತದೆ. ಆಮೇಲೆ ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ನೋಡುತ್ತಾರೆ. ಅಷ್ಟರಲ್ಲಿ ಒಂದೊಂದು ಮಗುವಿನ ಬೆಳವಣಿಗೆ ಒಂದೊಂದು ರೀತಿ. ಇಪ್ಪತ್ನಾಲ್ಕನೇ ವಾರದ ಹೊತ್ತಿಗೆ ಎರಡು ವಾರದವರೆಗೆ, ಕೊನೆಯ ತಿಂಗಳುಗಳಲ್ಲಿ ಮೂರು ವಾರದವರೆಗೆ ಆಚೀಚೆ ಆಗಬಹುದು.

ಆದರೆ ಮೊದಲ ಸ್ಕ್ಯಾನ್ ಆಗದವಳ ವರದಿಯಲ್ಲೂ ಅಂಕಿ ಅಷ್ಟೇ ಠೀವಿಯಿಂದ ಕೂತಿರುತ್ತದೆ: "24 ವಾರ 2 ದಿನ." ನಿಜ 22 ವಾರವೂ ಇರಬಹುದು, 26 ವಾರವೂ ಇರಬಹುದು.

ಈ ಅಂಕಿ ಕಾನೂನಿನ ಮುಂದೆ ಹೋದಾಗ ಏನಾಗುತ್ತದೆ? 2008ರಲ್ಲಿ ನಮ್ಮ ಥಾಣೆ ಜಿಲ್ಲೆಯದೇ ದಂಪತಿ, ಡಾ. ನಿಖಿಲ್ ದಾತಾರ್ ಅವರ ಜೊತೆ ಬಾಂಬೆ ಹೈಕೋರ್ಟಿಗೆ ಹೋಗಿದ್ದರು. ಮಗುವಿನ ಹೃದಯದ ದೋಷ ಗೊತ್ತಾದದ್ದು ಇಪ್ಪತ್ನಾಲ್ಕನೇ ವಾರದಲ್ಲಿ. 1971ರ ಕಾಯ್ದೆಯ ಮಿತಿ ಇಪ್ಪತ್ತು ವಾರ. ಕೋರ್ಟ್ ಗರ್ಭಪಾತಕ್ಕೆ ಅನುಮತಿ ಕೊಡಲಿಲ್ಲ. 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಮಿತಿಯನ್ನು ಇಪ್ಪತ್ನಾಲ್ಕಕ್ಕೆ ಏರಿಸಿತು; ಭ್ರೂಣಕ್ಕೆ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ಅದನ್ನೂ ಮೀರಿ ಒಪ್ಪಬಹುದು. ಆದರೆ ಅತ್ಯಾಚಾರಕ್ಕೊಳಗಾದ ಹುಡುಗಿಗೆ, ಮೇಲಿನ ಆ "2 ದಿನ" ಎಂದರೆ ಮತ್ತೆ ಹೈಕೋರ್ಟಿನ ಮೆಟ್ಟಿಲು.

ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಒಪ್ಪುತ್ತೇನೆ. ಅಳತೆಯ ತಪ್ಪು ಎರಡೂ ಕಡೆ ವಾಲುತ್ತದೆ ಎನ್ನುವುದೂ ನಿಜ. ನನ್ನ ಪ್ರಶ್ನೆ ಇಷ್ಟೇ: ಆ ತಪ್ಪಿನ ಭಾರ ಯಾರ ತಲೆಯ ಮೇಲೆ? ಎಕ್ಸ್‌ರೇ ನೋಡಿ ಆರೋಪಿಯ ವಯಸ್ಸು ಹೇಳುವಾಗ ಎರಡು ವರ್ಷ ಆಚೀಚೆ ಆಗಬಹುದೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಒಪ್ಪಿದೆ. ಏನೂ ತಪ್ಪು ಮಾಡದ ಹೆಣ್ಣಿಗೆ ಎರಡು ವಾರದ ಸಂಶಯದ ಲಾಭ ಯಾಕಿಲ್ಲ?

ನಮ್ಮ ಆಫೀಸಿನಲ್ಲಿ ಅಂದಾಜು ಕೊಟ್ಟವನೇ ಅದು ತಪ್ಪಿದಾಗ ಉತ್ತರ ಹೇಳಬೇಕು. ಇಲ್ಲಿ ಅಳೆಸಿಕೊಂಡವಳು ಹೇಳಬೇಕಾಗಿದೆ. ಕನಿಷ್ಠ ವರದಿಯಲ್ಲಿ ಆ ಅಂಕಿಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಎಷ್ಟು ದಿನ ಆಚೀಚೆ ಎಂದು ಬರೆಯಲಿ.

ಮಗಳು ಹುಟ್ಟಿದಾಗ ಸ್ವಲ್ಪ ಸಣ್ಣವಳೇ ಇದ್ದಳು. ತಾರೀಖು ತಿದ್ದದೆ ಉಳಿದಿದ್ದರಿಂದ ಡಾಕ್ಟರ್ ಅದಕ್ಕೆ ಮೊದಲೇ ತಯಾರಾಗಿದ್ದರು.